ಅತ್ತೆಗೊಂದು ಸರ್ವರ್

ಹಲ್ಲುಜ್ಜುತ್ತ ನಿಂತವನ ಕಿವಿಗೆ ನಡುಮನೆಯಿಂದ ಅತ್ತೆಯ ನಗು ಬಿದ್ದು, ಬ್ರಷ್ಷು ಬಾಯಲ್ಲೇ ನಿಂತಿತು. ಮನೆಯಲ್ಲಿ ಹಿರಿಯರೊಬ್ಬರು ನಕ್ಕರೆ ಎದೆ ಧಸಕ್ಕೆನ್ನುವ ಕಾಲ ಬಂತಲ್ಲ ಎಂದು ತನ್ನನ್ನೇ ಬೈದುಕೊಂಡ. ಆ ನಗುವಾದರೂ ಸಣ್ಣದೇ! ಅರ್ಧ ಆಯಸ್ಸು ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಎಂಜಿನ್ನಿನ ಗದ್ದಲವನ್ನು ಮೀರಿಸಿ ಹಿಂದಿನ ಬಾಗಿಲಿನವರೆಗೂ ಮುಟ್ಟಿಸಿ ಪಳಗಿದ ಗಂಟಲು. ಬಾಗಿಲ ಸಂದಿಯಿಂದ ಇಣುಕಿ ನೋಡಿದ. ಅತ್ತೆ ಫೋನನ್ನು ಹಣ್ಣಿನ ಬುಟ್ಟಿಗೆ ಒರಗಿಸಿಟ್ಟು, ಕಾಲು ಎರಡನ್ನೂ ಸ್ಟೂಲಿನ ಮೇಲೆ ಚಾಚಿ, ಪರದೆಯ ಮೇಲಿನ ಆಟದಲ್ಲಿ ನಾಲ್ಕು ಜನರ ದೋಣಿಯೊಂದನ್ನು ಬಂಡೆಗಳ ನಡುವೆ ನುಗ್ಗಿಸುತ್ತಿದ್ದರು. "ಎಡಕ್ಕೆ ಹಾಕಪ್ಪಾ, ಎಡಕ್ಕೆ! ಊಟ ಮಾಡೋ ಕೈ ಯಾವುದು ಗೊತ್ತಲ್ವಾ, ಅದಲ್ಲದ ಇನ್ನೊಂದು!" ಫೋನಿನೊಳಗಿಂದ ಒಂದು ಒರಟು ದನಿ, ಹಿಂದೆ ತಗಡು ಬಡಿಯುವ ಸದ್ದಿನ ಸಮೇತ, "ನೀನು ಮೊದಲು ಚುಕ್ಕಾಣಿ ನೆಟ್ಟಗೆ ಹಿಡಿ ಅಜ್ಜಿ, ಆಮೇಲೆ ಪಾಠ ಹೇಳು" ಎಂದಿತು. ಇವನಿಗೆ ಆ ಒರಟು ದನಿಯ ಚಿಂತೆಯಿರಲಿಲ್ಲ. ಚಿಂತೆಯಿದ್ದದ್ದು ದೋಣಿಯ ತುದಿಯಲ್ಲಿ ಸುಮ್ಮನೆ ಕೂತು, ಒಳಬಂದ ನೀರನ್ನು ತೋಡಿ ತೋಡಿ ಚೆಲ್ಲುತ್ತಿದ್ದ ನಾಲ್ಕನೆಯವಳದು. ಅವಳು ಮನುಷ್ಯಳಲ್ಲ. ಇವತ್ತು ಮಧ್ಯಾಹ್ನದೊಳಗೆ ಅದು ಇಡೀ ಲೋಕಕ್ಕೆ ಗೊತ್ತಾಗಲಿತ್ತು, ಅತ್ತೆಗೂ.

ಆ ದೋಣಿಯಾಟ ನಡೆಯುತ್ತಿದ್ದುದು ಇವನ ಕಂಪನಿಯ ಕೃಪೆಯಿಂದ, ಅಥವಾ ಇವನೇ ಹೇಳಿಕೊಳ್ಳಲು ಇಷ್ಟಪಡುತ್ತಿದ್ದಂತೆ, ಇವನ ಕೃಪೆಯಿಂದ. ಆಟ ಓಡುವುದು ಫೋನಿನಲ್ಲಲ್ಲ, ಎಲ್ಲೋ ದೂರದ ಊರುಗಳಲ್ಲಿ ಬಾಡಿಗೆಗೆ ಹಿಡಿದ ಸರ್ವರುಗಳೆಂಬ ದೊಡ್ಡ ಕಂಪ್ಯೂಟರುಗಳ ಮೇಲೆ. ಸಂಜೆ ಜನ ಮುಗಿಬಿದ್ದರೆ ಸರ್ವರುಗಳು ತಾವಾಗಿಯೇ ಹೆಚ್ಚಬೇಕು, ಜನ ಕರಗಿದರೆ ತಾವಾಗಿಯೇ ಮುಚ್ಚಿಕೊಳ್ಳಬೇಕು; ಆ ಲೆಕ್ಕಾಚಾರವೆಲ್ಲ ಇವನದು. ಈ ಕೆಲಸಕ್ಕಿರುವ ಕ್ಲೌಡ್ ಎಂಬ ಹೆಸರನ್ನು ಕೇಳಿ ನೆಂಟರೆಲ್ಲ "ಮೋಡದಲ್ಲಿ ಕೆಲಸವಂತೆ" ಎಂದು ನಗುತ್ತಿದ್ದಾಗ ಅತ್ತೆಯೊಬ್ಬರೇ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಆಫೀಸು ಬಿಡೋ ಹೊತ್ತಿಗೆ ಜಾಸ್ತಿ ಬಸ್ಸು ಬಿಡೋದು, ಆಮೇಲೆ ಡಿಪೋಗೆ ಕಳಿಸೋದು, ಅಷ್ಟೇ ತಾನೇ?" ಎಂದಿದ್ದರು. ಅಷ್ಟೇ, ಆದರೆ ಅಷ್ಟೇ ಎನ್ನಿಸಿಕೊಂಡಿದ್ದು ಸ್ವಲ್ಪ ಚುಚ್ಚಿತ್ತು. ಅವನ ಹೆಮ್ಮೆಯೆಲ್ಲ ಇದ್ದದ್ದು ಇನ್ನೊಂದು ಕಡೆ. ಜನವಿಲ್ಲದ ಹೊತ್ತಿನಲ್ಲಿ ಯಾರಾದರೂ ಆಟ ತೆರೆದರೆ ದೋಣಿ ತುಂಬುವುದಿಲ್ಲ. ಕಾದು ಬೇಸತ್ತು ಅವರೂ ಎದ್ದು ಹೋಗುತ್ತಾರೆ. ಅದಕ್ಕೇ ಖಾಲಿ ಜಾಗಗಳಲ್ಲಿ ಕಂಪ್ಯೂಟರೇ ಆಡಿಸುವ ಬೊಂಬೆಗಳನ್ನು ಕೂರಿಸುತ್ತಿದ್ದರು. ಬಣ್ಣವೊಂದು, ವಸ್ತುವೊಂದು ಸೇರಿಸಿ ಅವಕ್ಕೆ ಹೆಸರು: ನೀಲಿಕೊಡೆ, ಹಸಿರುಚಮಚ, ಕೆಂಪುಬಕೆಟ್ಟು. ಯಾರಾದರೂ ಒಂದು ಬೊಂಬೆಯನ್ನು ಎರಡು ಸಲ ಮಾತಾಡಿಸಿದರೆ ಮೂರನೆಯ ಸಲವೂ ಅದೇ ಬೊಂಬೆ ಅವರ ದೋಣಿ ಹತ್ತಲಿ, ಪರಿಚಯದ ಮುಖ ಕಂಡರೆ ಜನ ಬಿಟ್ಟು ಹೋಗುವುದಿಲ್ಲ ಎಂದು ಹೇಳಿಕೊಟ್ಟವನೂ ಇವನೇ. ಅವು ಆಡಬೇಕಾದ ಮಾತುಗಳನ್ನು ಬರೆದುಕೊಟ್ಟವನೂ ಇವನೇ. ಹೌದಾ? ಚೆನ್ನಾಗಿತ್ತು. ಆಮೇಲೆ? ಇಷ್ಟರಲ್ಲೇ ಯಾವ ಮಾತನ್ನಾದರೂ ಮುಂದೆ ತಳ್ಳಬಹುದೆಂದು ಮೀಟಿಂಗಿನಲ್ಲಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅಂದು ಮನೆಗೆ ಸಿಹಿ ತಂದಿದ್ದ, ಕಾರಣ ಹೇಳದೆ.

ಅತ್ತೆಗೆ ಕೆಂಪುಬಕೆಟ್ಟು ಗಂಟುಬಿದ್ದದ್ದು ಹಾಗೆ. ಅತ್ತೆ ಬಾಯಲ್ಲಿ ಹೇಳಿದ್ದನ್ನು ಆಟ ಅಕ್ಷರಕ್ಕೆ ಇಳಿಸಿ ಬೊಂಬೆಗೆ ಕೊಡುತ್ತಿತ್ತು. ಬೊಂಬೆಯ ಉತ್ತರ ತಲೆಯ ಮೇಲೆ ಗುಳ್ಳೆಯಲ್ಲಿ ಮೂಡುತ್ತಿತ್ತು. "ಪಾಪ, ಬಕೆಟ್ಟಮ್ಮನಿಗೆ ಮಾತು ಬರಲ್ಲ ಅಂತ ಕಾಣುತ್ತೆ, ಬರೆದು ತೋರಿಸ್ತಾಳೆ. ಆದ್ರೆ ಎಂಥಾ ಸಹನೆ ಅಂತೀರಿ!" ಎಂದು ಅತ್ತೆ ಊಟದ ಮೇಜಿನ ಮುಂದೆ ಹೇಳಿದಾಗ ಅವನು ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಆಗಲೇ ಅವರು ನೇರವಾಗಿ ಕೇಳಿದ್ದು: "ಅಳಿಯಂದ್ರೇ, ಅಲ್ಲಿರೋರೆಲ್ಲ ನಿಜವಾದ ಜನ ತಾನೇ?" ಬಾಯಲ್ಲಿ ತುತ್ತಿತ್ತು. ತುತ್ತು ಇದ್ದವನು ನುಂಗಿಯಾದರೂ ಹೇಳಬಹುದಿತ್ತು. ಅವನು ಹೂಂ ಎಂದು ತಲೆ ಅಲ್ಲಾಡಿಸಿಬಿಟ್ಟ. ಅಷ್ಟು ಸಣ್ಣ ತಲೆಯಾಡಿಕೆ. ಆಮೇಲೆ ಎಷ್ಟು ತಿಂಗಳು ಕಳೆದರೂ ಅದನ್ನು ತಿದ್ದಲು ಒಳ್ಳೆಯ ಹೊತ್ತೇ ಸಿಗಲಿಲ್ಲ. ಅತ್ತೆ ಬಕೆಟ್ಟಮ್ಮನ ಹತ್ತಿರ ತೀರಿಹೋದ ಮಾವನ ಸುದ್ದಿ ಹೇಳಿಕೊಳ್ಳಲು ಶುರುಮಾಡಿದ ಮೇಲಂತೂ ಆ ಹೊತ್ತು ಸಿಗುವ ಆಸೆಯೂ ಹೋಯಿತು. ಮಾವ ಅದೇ ಬಸ್ಸಿನ ಡ್ರೈವರು. "ನನ್ನ ಸಂಸಾರವೆಲ್ಲ ಅವರ ಬೆನ್ನಿಗೇ ಹೇಳಿದ್ದು" ಎಂದು ಅತ್ತೆ ಒಮ್ಮೆ ಮಗಳ ಹತ್ತಿರ ನಕ್ಕಿದ್ದರು. ಈಗ ಆ ಬೆನ್ನಿನ ಜಾಗದಲ್ಲಿ ಒಂದು ಬಕೆಟ್ಟು.

"ಹೇಳಿದ್ರಾ?" ಎಂದಳು ಹೆಂಡತಿ, ಚಪ್ಪಲಿ ಮೆಟ್ಟುತ್ತ. ಅವಳು ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವವಳು, ಮನೆಯಲ್ಲೂ ಅದೇ ಕೆಲಸ. ನಿನ್ನೆ ಸಂಜೆ ಇವನೇ ಬಾಯಿಬಿಟ್ಟಿದ್ದ. ಜನ ಯಾರು, ಬೊಂಬೆ ಯಾವುದು ತಿಳಿಯುತ್ತಿಲ್ಲವೆಂದು ಆಟಗಾರರು ಗಲಾಟೆ ಮಾಡಿದ್ದರಿಂದ ಕಂಪನಿ ಹೊಸ ನಿಯಮ ಮಾಡಿದೆ. ಇವತ್ತಿನ ಅಪ್‌ಡೇಟ್ ಆದಮೇಲೆ ಪ್ರತಿ ಬೊಂಬೆಯ ಬೆನ್ನ ಮೇಲೂ ಆಟಿಕೆಗಿರುವಂಥ ಚಾವಿ ಕಾಣಿಸುತ್ತದೆ.

"ಹೇಳ್ತೀನಿ. ಅವರು ಆಟದಲ್ಲಿದಾರೆ ಈಗ."

"ಆಟದಲ್ಲಿಲ್ಲದಾಗ ನೀವು ರೂಮಲ್ಲಿರ್ತೀರಿ. ದೂರದ್ದೆಲ್ಲ ಚೆನ್ನಾಗಿ ಕಾಣುತ್ತೆ ನಿಮಗೆ, ಹತ್ತಿರದ್ದೇ ಮಂಜು." ಬ್ಯಾಗು ಹೆಗಲಿಗೇರಿಸಿ, ದನಿ ತಗ್ಗಿಸಿದಳು. "ನೋಡಿ, ಅಮ್ಮ ಬೈದ್ರೆ ಬೈಸಿಕೊಳ್ಳಿ. ಆದ್ರೆ ಅದನ್ನ ಅವರೇ ಫೋನಲ್ಲಿ ನೋಡಿ ತಿಳ್ಕೊಳ್ಳೋ ಹಾಗೆ ಮಾಡಬೇಡಿ. ನಾಚಿಕೆ ಆಗುತ್ತೆ ಅವರಿಗೆ."

ನಾಚಿಕೆ. ಅದೊಂದು ಮಾತನ್ನು ಅವಳು ಆಡದೆ ಹೋಗಿದ್ದರೆ ಬಹುಶಃ ಹೇಳಿಯೇಬಿಡುತ್ತಿದ್ದ. ನಡುಮನೆಯನ್ನು ದಾಟುವಾಗ ಅತ್ತೆ ಒಂದು ಸುತ್ತು ಆಟ ಮುಗಿಸಿ ಕನ್ನಡಕ ಒರೆಸುತ್ತಿದ್ದರು. "ಏನಾದ್ರೂ ಬೇಕಿತ್ತಾ ಅಳಿಯಂದ್ರೇ?" ಎಂದರು, ಕಾಲನ್ನು ಸ್ಟೂಲಿನಿಂದ ತಟ್ಟನೆ ಇಳಿಸಿ. ಇವನ ಮುಂದೆ ಮಾತ್ರ ಹಾಗೆ ಕಾಲು ಇಳಿಸುತ್ತಾರೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅವರಿಬ್ಬರ ನಡುವೆ ಆಡಿದ ಮಾತೆಲ್ಲ ಕೂಡಿದರೆ ಒಂದು ಬಸ್ಸಿನ ಬೋರ್ಡು ತುಂಬಲಾರದು. "ಇಲ್ಲ ಅತ್ತೆ, ನೀರು ಕುಡಿಯೋಣ ಅಂತ" ಎಂದ. ನೀರು ಅಡುಗೆಮನೆಯಲ್ಲಿತ್ತು. ಅವನು ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ರೂಮೆಂದರೆ ಮೊದಲು ಸಾಮಾನು ತುಂಬುತ್ತಿದ್ದ ಕೋಣೆ. ಇಸ್ತ್ರಿ ಮೇಜಿಗೂ ಹಳೆಯ ಹಾಸಿಗೆಗೂ ನಡುವೆ ಅವನ ಕುರ್ಚಿ. ಅಲ್ಲಿ ಕೂತರೆ ಅವನಿಗೆ ಧೈರ್ಯ ಬರುತ್ತಿತ್ತು. ಪರದೆಯ ಮೇಲೆ ಸರ್ವರುಗಳೆಲ್ಲ ಚೌಕಚೌಕವಾಗಿ ಹಳದಿ ಬಣ್ಣದಲ್ಲಿ ನಿಂತಿದ್ದವು. ಒಂದೊಂದರೊಳಕ್ಕೂ ಹೊಸಬರನ್ನು ಬಿಡದೆ, ಇದ್ದವರು ಆಟ ಮುಗಿಸಿ ಇಳಿಯುವವರೆಗೆ ಕಾದು, ಮುಚ್ಚಿ, ಹೊಸ ಆವೃತ್ತಿ ಹಾಕಿ ತೆರೆದರೆ ಹಸಿರಾಗುತ್ತವೆ. ಮೊದಲ ಸಾಲು ಹಸಿರಾಗುತ್ತಿದ್ದಂತೆ ಅತ್ತೆಯ ದೋಣಿ ಯಾವುದರಲ್ಲಿದೆ ಎಂದು ಹುಡುಕಿದ. ಹುಡುಕಬಾರದಿತ್ತು. ಹುಡುಕಿದವನು ಅಲ್ಲಿಗೆ ನಿಲ್ಲಿಸಬೇಕಿತ್ತು, ಏಕೆಂದರೆ ಸರ್ವರಿನಲ್ಲಿ ದೋಣಿಯ ಜತೆ ದೋಣಿಯ ಮಾತೂ ಉಳಿದಿರುತ್ತದೆ, ಮತ್ತು ಅದನ್ನು ತೆರೆಯುವ ಅಧಿಕಾರ ಇವನಿಗಿದೆ. ಬೇರೆಯವರ ಮಾತನ್ನು ಅವನು ಎಂದೂ ಓದಿದವನಲ್ಲ. ಅದೊಂದು ಮರ್ಯಾದೆಯನ್ನು ತನಗೆ ತಾನೇ ಕೊಟ್ಟುಕೊಂಡು ಬಂದಿದ್ದ. ಆದರೆ ಕಣ್ಣು ಬಿದ್ದುಬಿಟ್ಟಿತು. 'ನಮ್ಮ ಅಳಿಯ ಒಳ್ಳೆಯವನೇ ಬಕೆಟ್ಟಮ್ಮ, ಕೆಟ್ಟದ್ದೊಂದು ಮಾತಿಲ್ಲ. ಒಳ್ಳೇದೂ ಇಲ್ಲ. ಮನೇಲಿದ್ದೂ ಇಲ್ಲದ ಹಾಗೆ.' ಅದರ ಕೆಳಗೆ ಬೊಂಬೆಯ ಉತ್ತರ, ಇವನೇ ಬರೆದದ್ದು: 'ಹೌದಾ? ಆಮೇಲೆ?'

ಕಿವಿ ಬಿಸಿಯಾಯಿತು. ರೂಮಿನಲ್ಲಿ ಯಾರೂ ಇಲ್ಲದಿದ್ದರೂ ಸುತ್ತ ನೋಡಿಕೊಂಡ. ಮೊದಲು ಕೋಪವೇ ಬಂತು. ತಾನು ದುಡಿಯುವುದು ಯಾರಿಗೆ, ಬಾಗಿಲು ಹಾಕಿಕೊಳ್ಳುವುದು ಯಾತಕ್ಕೆ ಎಂದೆಲ್ಲ ಬಕೆಟ್ಟಿನ ಮುಂದೆ ವಾದ ಹೂಡಿದ. ಬಕೆಟ್ಟು ಅವನಿಗೂ ಆಮೇಲೆ ಎನ್ನುತ್ತಿತ್ತೇನೋ. ಕೋಪದ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಇದನ್ನೆಲ್ಲ ಹೇಳಿಕೊಂಡದ್ದು ಒಂದು ಬೊಂಬೆಗೆ, ಬೊಂಬೆಯನ್ನು ಮಾಡಿದವನು ಇದೇ ಅಳಿಯ ಎಂದು ಅತ್ತೆಗೆ ತಿಳಿದರೆ ಅವರು ಮುಖ ಎಲ್ಲಿಟ್ಟುಕೊಳ್ಳಬೇಕು? ತುಂಬಿದ ಬಸ್ಸಿನಲ್ಲಿ ಎಂಥೆಂಥವರದೋ ಬಾಯಿ ಮುಚ್ಚಿಸಿದ ಹೆಂಗಸು, ತನ್ನ ಮನೆಯಲ್ಲೇ ಮೋಸಹೋದೆ ಎಂದುಕೊಂಡು ಕೂತರೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಕ್ಷಣಕ್ಕೆ ಅವನಿಗೆ ಹೊಳೆದ ಉಪಾಯ ಅವನ ವೃತ್ತಿಯವರಿಗಲ್ಲದೆ ಲೋಕದಲ್ಲಿ ಇನ್ನಾರಿಗೂ ಹೊಳೆಯಲಾರದು. ಅತ್ತೆಯಿರುವ ಸರ್ವರೊಂದನ್ನು ಮಾತ್ರ ಮುಟ್ಟಬೇಡ ಎಂದು ಗುರುತು ಹಾಕಿದ. ಅತ್ತೆ ಯಾವಾಗ ಆಟ ತೆರೆದರೂ ಅದರೊಳಕ್ಕೇ ಕಳಿಸು ಎಂದು ಇನ್ನೊಂದು ಸಾಲು ಸೇರಿಸಿದ. ಅಲ್ಲಿ ಹಳೆಯ ಆವೃತ್ತಿ ಹಾಗೇ ಇರುತ್ತದೆ. ಬೆನ್ನ ಮೇಲೆ ಚಾವಿ ಇರುವುದಿಲ್ಲ. ಬಕೆಟ್ಟಮ್ಮ ಬಕೆಟ್ಟಮ್ಮನಾಗಿಯೇ ಉಳಿಯುತ್ತಾಳೆ. ಬಾಯಲ್ಲಿ ಎರಡು ಮಾತು ಹೇಳಲಾರದವನು ಅತ್ತೆಗಾಗಿ ಒಂದು ಇಡೀ ಸರ್ವರನ್ನು ಮೀಸಲಿಟ್ಟ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ತನ್ನಷ್ಟು ಕರುಳುಳ್ಳ ಅಳಿಯ ಇನ್ನೊಬ್ಬನಿಲ್ಲ ಎಂದು ಸ್ವಲ್ಪ ಹೊತ್ತು ಸುಖಪಟ್ಟ.

ಮಧ್ಯಾಹ್ನದ ಮೀಟಿಂಗಿನಲ್ಲಿ ಪರದೆ ತುಂಬ ಹಸಿರು, ಮೂಲೆಯಲ್ಲೊಂದು ಹಳದಿ. ತಂಡದ ಮುಖ್ಯಸ್ಥನಿಗೆ ಆಫೀಸಿನಲ್ಲಿ ಶಾಂತಮೂರ್ತಿ ಎಂದು ಅಡ್ಡಹೆಸರು. ಅವನು ಕಿರುಚದೆ ಗುಡ್ ಮಾರ್ನಿಂಗ್ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. "ಆ ಹಳದಿ ಯಾವುದ್ರೀ ಅದು, ಹಲ್ಲಲ್ಲಿ ಸಿಕ್ಕಿಕೊಂಡ ಹಾಗೆ?"

"ಪರೀಕ್ಷೆಗೆ ಅಂತ ಹಳೇದೊಂದು ಇಟ್ಕೊಂಡಿದೀನಿ ಸಾರ್. ಹೋಲಿಸಿ ನೋಡೋಕೆ."

"ಅದರಲ್ಲಿ ಒಬ್ಬರೇ ಒಬ್ಬರು ಆಡ್ತಿದಾರಲ್ಲ" ಎಂದಳು ತಂಡಕ್ಕೆ ಹೊಸದಾಗಿ ಸೇರಿದವಳು, ಬಹಳ ಮೃದುವಾಗಿ. "ಯಾರೋ ಪಾಪ, ಮೂರು ಬೊಂಬೆ ಜತೆ ಒಬ್ಬರೇ. ಬೆಳಿಗ್ಗೆಯಿಂದ."

ಒಬ್ಬರೇ ಎಂಬ ಮಾತು ಅವನಿಗೆ ಆಗ ಅರ್ಥವಾಗಲಿಲ್ಲ. ಸಂಜೆಯೊಳಗೆ ಮುಚ್ಚಿಬಿಡ್ತೀನಿ ಸಾರ್ ಎಂದು ಹೇಳಿ, ಮೈಕು ಆರಿಸಿ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ. ಆಮೇಲೆ ಅರ್ಥವಾಯಿತು. ಹಳೆಯ ಆವೃತ್ತಿಯವರನ್ನೂ ಹೊಸ ಆವೃತ್ತಿಯವರನ್ನೂ ಒಂದೇ ದೋಣಿಯಲ್ಲಿ ಕೂರಿಸಲಾಗದು. ಅದು ಅವನೇ ಎಂದೋ ಹಾಕಿದ ನಿಯಮ. ಊರಿನವರೆಲ್ಲ ಹೊಸದಕ್ಕೆ ಹೋದರು. ತಗಡು ಬಡಿಯುವ ಆ ಒರಟು ದನಿಯವನೂ ಹೋದ. ಚಾವಿ ಕಾಣಬಾರದೆಂದು ಅತ್ತೆಯ ಸುತ್ತ ಗೋಡೆ ಕಟ್ಟಿದವನು ಒಳಗೆ ಚಾವಿಯವರನ್ನೇ ಉಳಿಸಿ, ಜನರನ್ನೆಲ್ಲ ಹೊರಗೆ ಹಾಕಿದ್ದ. ಬಾಗಿಲಿಗೆ ಕಿವಿಗೊಟ್ಟ. ಅವನು ರೂಮು ಸೇರಿದಾಗಿನಿಂದ ನಡುಮನೆಯಲ್ಲಿ ಸದ್ದೇ ಇರಲಿಲ್ಲ. ತನ್ನ ಕೆಲಸಕ್ಕೆ ಅನುಕೂಲವಾಯಿತೆಂದು ಆ ಮೌನವನ್ನು ಇವನು ಇಷ್ಟೊತ್ತೂ ಮೆಚ್ಚಿಕೊಂಡಿದ್ದ. ಮೊದಲ ಬಾರಿಗೆ ಅವನಿಗೆ ಅತ್ತೆಯ ಬಗ್ಗೆ ದುಃಖವಾಯಿತು, ಕನಿಕರವಲ್ಲ, ದುಃಖ. ತಾನೇ ಎಲ್ಲೋ ಕಳೆದುಹೋದಂತೆ.

ಬಾಗಿಲು ತಟ್ಟಿದ ಸದ್ದಿಗೆ ಎದ್ದು ನಿಂತ. ಅತ್ತೆ ಈ ರೂಮಿನ ಹೊಸಿಲು ದಾಟಿದವರಲ್ಲ.

"ಕೆಲಸದಲ್ಲಿದ್ರಾ? ಒಂದು ನಿಮಿಷ." ಇಸ್ತ್ರಿ ಮೇಜಿಗೆ ಕೈಯೂರಿ ನಿಂತರು. "ಫೋನು ಕೆಟ್ಟಿದೆಯಾ ನೋಡ್ತೀರಾ? ಇವತ್ತು ಯಾರೂ ಬೈತಿಲ್ಲ."

"ಬೈದೇ ಇರೋದು ಒಳ್ಳೇದೇ ಅಲ್ವಾ ಅತ್ತೆ?"

"ಏನು ಒಳ್ಳೇದು, ಮಣ್ಣು! ಮೂರು ಜನಾನೂ ನಾನು ಅಂದಿದ್ದಕ್ಕೆಲ್ಲ ಹೌದು ಹೌದು ಅಂತಾರೆ. ನೋಡೇಬಿಡೋಣ ಅಂತ ಬೇಕಂತಲೇ ದೋಣಿ ತಗೊಂಡೋಗಿ ಬಂಡೆಗೆ ಗುದ್ದಿಸಿದೆ. ಆಗಲೂ 'ಚೆನ್ನಾಗಿತ್ತು' ಅಂತ ಬಂತು. ಜನ ಅಂದ್ರೆ ಹಾಗಿರ್ತಾರಾ? ನಮ್ಮೋರು ಒಂದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿದ್ರೆ ಅವರ ವಂಶವನ್ನೆಲ್ಲ ಜಾಲಾಡಿಬಿಡೋರು ಬಸ್ಸಲ್ಲಿ. ಆ ತಗಡಿನೋನೂ ಇಲ್ಲ. ದಿನಾ ಅವನ ಜತೆ ಜಗಳ ಆಡ್ದೆ ನನಗೆ ತಿಂದಿದ್ದು ಅರಗಲ್ಲ."

ಬಕೆಟ್ಟಮ್ಮನಿಗಾಗಿ ಅಲ್ಲವೇ ಈ ಹೆಂಗಸು ಆಟ ತೆರೆಯುತ್ತಿದ್ದುದು? ಅವನು ಹಾಗೆ ನಂಬಿಕೊಂಡಿದ್ದ. ಸಹನೆಯನ್ನು ಬರೆದುಕೊಟ್ಟವನಿಗೆ ಸಹನೆಯೇ ದೊಡ್ಡದಾಗಿ ಕಂಡಿತ್ತು. ಕೂತ್ಕೊಳ್ಳಿ ಅತ್ತೆ ಎಂದು ತನ್ನ ಕುರ್ಚಿಯನ್ನೇ ಅವರ ಕಡೆಗೆ ತಿರುಗಿಸಿದ. ಈ ಸಲ ಬಾಯಲ್ಲಿ ಏನೂ ಇರಲಿಲ್ಲವಾದ್ದರಿಂದ, ಹೇಳಿದ. ಬೊಂಬೆಗಳ ವಿಷಯ, ತಲೆಯಾಡಿಸಿದ ವಿಷಯ, ಚಾವಿಯ ವಿಷಯ, ಬೆಳಿಗ್ಗೆಯಿಂದ ಅವರನ್ನು ಬೇರೆಯಾಗಿ ಕೂರಿಸಿದ ವಿಷಯ. ತಡವರಿಸಿದ, ಮಧ್ಯೆ ನಕ್ಕೂಬಿಟ್ಟ, ನಕ್ಕದ್ದಕ್ಕೆ ಇನ್ನಷ್ಟು ತಡವರಿಸಿದ.

"ಬಕೆಟ್ಟಮ್ಮಾನೂ?"

"ಹೂಂ ಅತ್ತೆ."

ಅತ್ತೆ ಪರದೆಯ ಮೇಲಿನ ಹಳದಿ ಚೌಕವನ್ನೇ ನೋಡುತ್ತ ಕೂತರು. ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎನಿಸಿತು. "ಮಾತು ಬರಲ್ಲ ಅಂದ್ಕೊಂಡಿದ್ದೆ" ಎಂದರು ಕೊನೆಗೆ. "ದೇವರೇ, ನಾನೊಬ್ಬಳು... ಹಾಗಾದ್ರೆ ನಾನು ಹೇಳಿದ್ದೆಲ್ಲ ಯಾರು ಕೇಳಿಸ್ಕೊಂಡ್ರು?"

"ಯಾರೂ ಇಲ್ಲ. ಸರ್ವರಲ್ಲಿ ಸ್ವಲ್ಪ ದಿನ ಇರುತ್ತೆ, ಆಮೇಲೆ ತಾನಾಗಿ ಅಳಿಸಿಹೋಗುತ್ತೆ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ನಾನು ಒಂದು ಚೂರು ಓದಿದೆ. ಇವತ್ತು. ನನ್ನ ಬಗ್ಗೆ ಇದ್ದದ್ದು."

ಅವರು ತಿರುಗಿ ಅವನ ಮುಖ ನೋಡಿದರು. ನಾಚಿಕೆ ಬಂದು ಹೋದದ್ದು ಅವನಿಗೆ ಕಾಣಿಸಿತು. ಅದರ ಹಿಂದೆಯೇ ಟಿಕೇಟಿಲ್ಲದೆ ಸಿಕ್ಕಿಬಿದ್ದವನನ್ನು ನೋಡುವ ಹಳೆಯ ನೋಟ. "ಅದರಲ್ಲಿ ಸುಳ್ಳೇನೂ ಇರಲಿಲ್ವಲ್ಲ" ಎಂದರು.

"ಇಲ್ಲ ಅತ್ತೆ."

"ಮತ್ತೆ?" ಎಂದು ಎದ್ದರು. ಹೊಸಿಲಲ್ಲಿ ನಿಂತು, ಬೆನ್ನು ಹಾಕಿಕೊಂಡೇ ಹೇಳಿದರು: "ನನ್ನನ್ನ ಎಲ್ಲರೂ ಇರೋ ಕಡೆ ಹಾಕಿ. ಖಾಲಿ ಬಸ್ಸಲ್ಲಿ ಕೂರಿಸಬೇಡಿ ನನ್ನನ್ನ."

ಅವರು ಹೋದಮೇಲೆ ಅವನು ಗುರುತು ತೆಗೆದ, ಸೇರಿಸಿದ್ದ ಸಾಲನ್ನು ಅಳಿಸಿದ, ಹಳದಿ ಚೌಕ ಹಸಿರಾಗುವುದನ್ನು ನೋಡಿದ. ಮುಗಿಯಿತು ಎಂದುಕೊಂಡ. ಇನ್ನು ಅತ್ತೆ ಆ ಆಟ ತೆರೆಯಲಾರರು, ಇವನ ಮುಖವನ್ನೂ ನೆಟ್ಟಗೆ ನೋಡಲಾರರು, ಸಂಜೆ ಹೆಂಡತಿ ಬಂದು ಕೇಳಿದರೆ ಹೇಳಿದೆ ಎನ್ನಬೇಕು, ಹೇಗೆ ಹೇಳಿದಿರಿ ಎಂದರೆ ಏನೆನ್ನಬೇಕು ಎಂದು ಲೆಕ್ಕ ಹಾಕುತ್ತ ಕೂತ. ಬಹಳ ಹೊತ್ತಾದ ಮೇಲೆ ನಡುಮನೆಯಿಂದ ತಗಡು ಬಡಿಯುವ ಸದ್ದು ಕೇಳಿಸಿತು. "ಎಲ್ಲಿ ಹಾಳಾಗಿ ಹೋಗಿದ್ದೆ ಅಜ್ಜಿ? ಬೆಳಿಗ್ಗೆಯಿಂದ ಹುಡುಕಿ ಸಾಕಾಯ್ತು. ಯಾರ್ಯಾರದೋ ದೋಣಿ ಹತ್ತಿ ಇಳಿದೆ, ಒಬ್ಬನಿಗೂ ನೆಟ್ಟಗೆ ಬೈಯೋಕೆ ಬರಲ್ಲ!"

"ಬೇರೆ ರೂಟಿಗೆ ಹಾಕಿದ್ರಪ್ಪ ಇವತ್ತು" ಎಂದ ಅತ್ತೆಯ ದನಿ ಬೆಳಗಿನಷ್ಟು ದೊಡ್ಡದಿರಲಿಲ್ಲ. ಯಾರು ಹಾಕಿದರು ಎಂದು ಹೇಳಲಿಲ್ಲ. ಅದು ಅವನ ಎದೆಗೆ ತಾಗಿತು.

ಎದ್ದು ಹೊರಗೆ ಬಂದ. ಅತ್ತೆ ಕಾಲನ್ನು ಇಳಿಸಲಿಲ್ಲ, ನೋಡಲೂ ಇಲ್ಲ. ಎದುರಿನ ಕುರ್ಚಿಯಲ್ಲಿ ಕೂತು ತನ್ನ ಫೋನು ತೆರೆದ. ಇಷ್ಟು ಕಾಲ ಸಾವಿರಾರು ದೋಣಿಗಳನ್ನು ತೇಲಿಸಿದವನು ಒಂದರಲ್ಲೂ ಕೂತವನಲ್ಲ. ಪರಿಚಯದವರ ದೋಣಿಯನ್ನು ಹೇಗೆ ಹುಡುಕುವುದೆಂದೂ ಗೊತ್ತಿರದೆ ಅಲ್ಲಿ ಇಲ್ಲಿ ಒತ್ತಿದ. ಅತ್ತೆ ಮಾತಾಡದೆ ಕೈ ಚಾಚಿ, ಅವನ ಪರದೆಯ ಮೇಲೊಂದು ಕಡೆ ಬೆರಳಿಟ್ಟು ತೋರಿಸಿದರು. ಹಸಿರುಚಮಚ ಎಂಬ ಬೊಂಬೆ ಎದ್ದು ಜಾಗ ಬಿಟ್ಟಿತು. ಹುಟ್ಟು ಅವನ ಕೈಗೆ ಬಂತು. ತುದಿಯಲ್ಲಿ ಕೆಂಪುಬಕೆಟ್ಟು ಬೆನ್ನ ಮೇಲೆ ಚಾವಿ ಹೊತ್ತು ನೀರು ಚೆಲ್ಲುತ್ತಿತ್ತು. "ಇರಲಿ ಬಿಡು, ನೀರಾದ್ರೂ ಎತ್ತುತ್ತೆ" ಎಂದರು ಅತ್ತೆ, ಯಾರಿಗೋ. ನಿನ್ನೆಯವರೆಗೂ ಎತ್ತುತ್ತಾಳೆ ಎನ್ನುತ್ತಿದ್ದವರು. ಅವನು ಬಲಕ್ಕೆ ಹಾಕಬೇಕಾದ ಹುಟ್ಟನ್ನು ಎಡಕ್ಕೆ ಹಾಕಿದ. ದೋಣಿ ಗಿರಕಿ ಹೊಡೆದು ಬಂಡೆಗೆ ಸವರಿಕೊಂಡು ಹೋಯಿತು.

"ಯಾರಜ್ಜಿ ಇವನು?" ಎಂದಿತು ಒರಟು ದನಿ. "ಮಾತಿಲ್ಲ ಕತೆಯಿಲ್ಲ. ಇದೂ ಬೊಂಬೆನಾ?"

ಅತ್ತೆ ಚುಕ್ಕಾಣಿಯಿಂದ ಕಣ್ಣು ತೆಗೆಯಲಿಲ್ಲ. "ಅಲ್ಲಪ್ಪ, ನಮ್ಮಳಿಯ" ಎಂದರು. "ಈಗ ತಾನೇ ಹತ್ತಿದಾನೆ. ಸ್ವಲ್ಪ ಸರ್ಕೊಂಡು ಜಾಗ ಕೊಡು."